ಮೂವತ್ತು ಗೈರು

ಏಳನೇ ತರಗತಿಯಲ್ಲಿ ಕಸ್ತೂರಿ ಎಂಬ ಹುಡುಗಿ ಕಾಣುತ್ತಿದ್ದದ್ದು ಪಾಠ ಹೇಳುವ ಸಿದ್ದಮ್ಮ ಅಕ್ಕೋರಿಗೆ ಮಾತ್ರ. ಕಬಡ್ಡಿ ಜಗಳವೊಂದರ ನಂತರ ಉಳಿದ ಮೂವತ್ತು ಮಕ್ಕಳೂ ಅವಳನ್ನು ಬ್ಲಾಕ್ ಮಾಡಿದ್ದರು. ಬ್ಲಾಕ್ ಮಾಡಿದ ಮೇಲೆ ಆ ಮನುಷ್ಯ ಕಣ್ಣಿಗೂ ಇಲ್ಲ, ಕಿವಿಗೂ ಇಲ್ಲ. ಅದು ಎಲ್ಲ ಊರಲ್ಲೂ ಇದ್ದದ್ದೇ. ಅಕ್ಕೋರಿಗೆ ಫೋನಿನಲ್ಲಿ ಖಾತೆಯೇ ಇರಲಿಲ್ಲ, ಬ್ಲಾಕ್ ಮಾಡುವ ಮಾತೂ ಇರಲಿಲ್ಲ.

ಶಿಕ್ಷಕರಿಗೆ ಫೋನ್ ತರಬೇತಿ ಕೊಡಲು ಬಂದ ಮೇಟಿ ಸರ್ ಖಾತೆ ತೆರೆಸಿ, ಅಕ್ಕೋರ ಫೋಟೋ ಹಾಕಿ, ತರಗತಿಯ ಗುಂಪಿಗೆ ಸೇರಿಸಿದರು.

"ಇನ್ನ ಗುಂಪಿನ ಬ್ಲಾಕ್ ಪಟ್ಟಿಗೆ ಒಪ್ಪಿಗಿ ಒತ್ರಿ ಅಕ್ಕೋರ. ಒಂದ ಹೆಸರೈತಿ, ಅಷ್ಟ."

"ಆ ಹೆಸರಿನಾಕಿ ನಿಮ್ಮ ಮುಂದನ ಕುಂತಾಳ್ರಿ."

ಬೆಳಿಗ್ಗೆಯೇ ಒಪ್ಪಿಗೆ ಒತ್ತಿದ್ದ ಮೇಟಿ ಸರ್ ತಮಗೆ ಖಾಲಿಯಾಗಿ ಕಂಡ ಬೆಂಚು ನೋಡಿದರು. "ಒಪ್ಪಲಿಲ್ಲಂದ್ರ ಗುಂಪು ನಿಮ್ಮನ್ನ ಬ್ಲಾಕ್ ಮಾಡತೈತ್ರಿ."

"ಒತ್ತಿಬಿಡ್ರಿ ಅಕ್ಕೋರ," ಎಂದಳು ಕಸ್ತೂರಿ. "ನನಗ ರೂಢಿ ಆಗೇತಿ."

ಅಕ್ಕೋರು ಕನ್ನಡಕ ಏರಿಸಿಕೊಂಡು 'ಇಲ್ಲ' ಒತ್ತಿದರು.

ಮರುದಿನ ಅವರು ಒಳಗೆ ಬಂದಾಗ ಗದ್ದಲ ನಿಲ್ಲಲಿಲ್ಲ. ಮೊದಲ ಬೆಂಚಿನಿಂದ ಒಬ್ಬಳೇ ಎದ್ದು, "ನಮಸ್ಕಾರ್ರಿ ಅಕ್ಕೋರ," ಎಂದಳು. ಅಕ್ಕೋರು ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಕೂಗಿದರು. ಓಗೊಡದ ಮೂವತ್ತು ಮಂದಿಗೆ ಗೈರು ಹಾಕಿ, ಪಾಠ ಶುರು ಮಾಡಿದರು.