ಬಾಗಿಲ ಮೇಲಿನ ಚೆಲುವ

ನರಸಕ್ಕ ನಡುಮನೆಯ ದೀಪ ಹಾಕಿದ್ದೇ ತಡ, ಬಾಗಿಲ ಮೇಲಿನ ರಾಕ್ಷಸ ಚೆಲುವನಾಗಿಬಿಟ್ಟ. ಬೀದಿಯಲ್ಲಿ ನಿಂತು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕುತ್ತಿದ್ದ ಸರಿತಾ ತಲೆಯೆತ್ತಿದಳು. 

ಬಣ್ಣದ ಗಾಜಿನ ಆ ದೃಷ್ಟಿಬೊಂಬೆಯನ್ನು ಇಳಿಹೊತ್ತಿನಲ್ಲಿ ಅವಳೇ ಬಾಗಿಲ ಮೇಲಿನ ಬೆಳಕಿಂಡಿಯಲ್ಲಿ ಕೂರಿಸಿದ್ದಳು. ಆಗ ಮನೆಯೊಳಗೆ ಕತ್ತಲಿತ್ತು, ಹೊರಗಿನಿಂದ ಮುಖ ಕಪ್ಪಗೆ ಗಡುಸಾಗಿ ಕಂಡಿತ್ತು. "ಹಿಂಗಿರ್ಬೇಕು ನೋಡು, ಕಂಡೋರಿಗೆ ಜ್ವರ ಬರ್ಬೇಕು" ಎಂದು ನರಸಕ್ಕ ಮೆಚ್ಚಿ ಕಾಫಿಯನ್ನೂ ಕೊಟ್ಟಿದ್ದಳು. ಈಗ ಹಿಂದಿನಿಂದ ಬೆಳಕು ಬಿದ್ದದ್ದೇ, ಕೆಂಪು ನಾಲಿಗೆ ದಾಳಿಂಬೆ ಕಾಳಿನಂತೆ ಹೊಳೆಯಿತು, ಹಳದಿ ಗುಡ್ಡೆಗಣ್ಣಿಗೆ ತುಂಟತನ ಬಂತು, ಹಸಿರು ಕೆನ್ನೆ ತುಂಬಿಕೊಂಡಿತು. ಕೋರೆಹಲ್ಲು ಎರಡೂ ಇದ್ದಲ್ಲೇ ಇದ್ದವು. ಆದರೆ ಯಾರನ್ನೂ ಕಚ್ಚುವಂತಿರಲಿಲ್ಲ.

ನರಸಕ್ಕ ಹೊರಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇದೇನಮ್ಮಾಯಿ, ಇವ್ನು ನಗ್ತಾವ್ನೆ."

"ನಗ್ತಿಲ್ಲ ಕಣಕ್ಕಾ, ಹಲ್ಲು ಕಡೀತಾವ್ನೆ."

"ಹೊಸ ಅಳಿಯ ಹಬ್ಬಕ್ಕೆ ಬಂದಂಗೆ ಕುಂತವ್ನೆ. ಇಳ್ಸು ಇವ್ನ. ನಾಳೆ ಗೃಹಪ್ರವೇಶ, ಊರಿನ ಕಣ್ಣೆಲ್ಲ ಇಲ್ಲಿಗೇ ಬತ್ತವೆ. ಒಂದು ಬೂದಗುಂಬಳಕಾಯಿ ತಂದು ಕಟ್ಕೊಂತೀನಿ."

"ಹುಬ್ಬಿಗೆ ಇನ್ನೊಂದು ಕಪ್ಪು ತುಂಡು ಹಾಕಿ ಗಂಟಿಕ್ಕಿಸ್ತೀನಿ, ನರಸಕ್ಕಾ."

"ಆವಾಗ ಅಳಿಯ ಮುನಿಸ್ಕೊಂಡಂಗೆ ಕಾಣ್ತಾನೆ, ಅಷ್ಟೇ."

ಸರಿತಾಳಿಗೆ ಅಳು ಒತ್ತರಿಸಿಕೊಂಡು ಬಂತು. ಹಿಂದೂಪುರದಲ್ಲಿ ಅಂಗಡಿ ತೆರೆದ ಮೇಲೆ ಒಂದು ಮನೆಯವರು ಬಾಯಿಬಿಟ್ಟು ಕೇಳಿ ಮಾಡಿಸಿದ ಮೊದಲ ಗಾಜು ಇದು. ಅದುವರೆಗೆ ಬಂದವರೆಲ್ಲ ಮುಟ್ಟಿ ನೋಡಿ, ಹೊಗಳಿ, ಪಕ್ಕದ ಅಂಗಡಿಯಲ್ಲಿ ಗಾಜಿಗಂಟಿಸುವ ಬಣ್ಣದ ಸ್ಟಿಕ್ಕರ್ ಕೊಂಡು ಹೋಗಿದ್ದರು. ಇವನನ್ನು ಮಾತ್ರ ತುಂಡು ತುಂಡಾಗಿ ಕೊಯ್ದು, ಸೀಸದ ಪಟ್ಟಿಯಲ್ಲಿ ಕೂಡಿಸಿ ಬೆಸೆದು, ಕಂಬಳಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕಲ್ಯಾಣದುರ್ಗದವರೆಗೆ ಬಸ್ಸಿನಲ್ಲಿ ತಂದಿದ್ದಳು. ಹೂವೋ ನವಿಲೋ ಆಗಿದ್ದರೆ ಇನ್ನೊಬ್ಬರಿಗೆ ದಾಟಿಸಬಹುದಿತ್ತು. ಒಬ್ಬರ ಮನೆಗೆಂದು ಮಾಡಿ, ಅವರೇ ಬೇಡವೆಂದ ದೃಷ್ಟಿಬೊಂಬೆಯನ್ನು ಯಾವ ಪುಣ್ಯಾತ್ಮರು ತಮ್ಮ ಬಾಗಿಲಿಗೆ ಏರಿಸುತ್ತಾರೆ? ಸ್ಟೂಲು ಎಳೆದುಕೊಂಡಳು.

ಅಷ್ಟರಲ್ಲಿ ಎದುರುಮನೆಯ ಗೇಟು ಕಿರ್ರೆಂದಿತು. "ಬಂದ್ಬುಟ್ಲು" ಎಂದು ನರಸಕ್ಕ ಪಿಸುಗುಟ್ಟಿದಳು.

ಬಂದವಳು ಪೋಲಮ್ಮ. ತುಂಬ ಒಳ್ಳೆಯ ಹೆಂಗಸು. ಅವಳ ಕಣ್ಣು ಮಾತ್ರ ಒಳ್ಳೆಯದಲ್ಲ ಎಂದು ಬೀದಿಯವರ ನಂಬಿಕೆ. ಅವಳು ಹೊಗಳಿದ ಸೋರೆಬಳ್ಳಿ ಒಣಗಿತು, ಅವಳು ಮೆಚ್ಚಿದ ಮಿಕ್ಸಿ ಸುಟ್ಟಿತು ಎಂದು ಆಣೆ ಮಾಡಿ ಹೇಳುವವರಿದ್ದರು. ನಿಜ ಹೇಳಬೇಕೆಂದರೆ, ನರಸಕ್ಕ ಈ ಬೊಂಬೆ ಮಾಡಿಸಿದ್ದೇ ಅವಳೊಬ್ಬಳಿಗಾಗಿ. ಈಗ ಬೇರೆ ದಾರಿ ಕಾಣದೆ ಸೆರಗು ಹರವಿಕೊಂಡು ಹೊಸ ತೇಗದ ಬಾಗಿಲಿಗೆ ಅಡ್ಡ ನಿಂತಳು.

ಪೋಲಮ್ಮ ಬಾಗಿಲು ನೋಡಲಿಲ್ಲ. ಫಳಫಳ ಹೊಳೆಯುವ ಗ್ರಾನೈಟ್ ಮೆಟ್ಟಿಲನ್ನೂ ನೋಡಲಿಲ್ಲ. ಕತ್ತೆತ್ತಿದವಳು ಎತ್ತಿದಂತೆಯೇ ನಿಂತುಬಿಟ್ಟಳು.

"ಎಂತ ಬಾಗುನ್ನಾಡಮ್ಮಾ," ಎಂದಳು. "ಎಷ್ಟು ಚೆಂದಾಗವ್ನೆ ಕಣಮ್ಮ. ಕಣ್ಣು ಕೀಳಕ್ಕೇ ಮನಸ್ಸಾಗಕಿಲ್ಲ."

ಇದಕ್ಕೆ ನರಸಕ್ಕ ಸಮಾಧಾನಪಡಬೇಕಿತ್ತು. ಆದರೆ ಮನೆ ಕಟ್ಟಿಸಿದವರ ಜೀವ ಕೇಳಬೇಕಲ್ಲ. "ಬಾಗ್ಲು ತೇಗದ್ದು, ಪೋಲಮ್ಮಾ" ಎಂದುಬಿಟ್ಟಳು.

"ಇರ್ಲಿ ಬಿಡು," ಎಂದ ಪೋಲಮ್ಮ ದೃಷ್ಟಿ ಇಳಿಸಲೇ ಇಲ್ಲ. "ಅಮ್ಮಾಯಿ, ನೀನೇನಾ ಮಾಡಿದ್ದು? ನಮ್ಮನೆಗೂ ಇಂಥೋನ್ನ ಒಬ್ಬನ್ನ ಮಾಡ್ಕೊಡು. ಹೋಗೋ ಮುಂದೆ ಅಳತೆ ತಕ್ಕೊಂಡು ಹೋಗು."

ತಿರುತಿರುಗಿ ನೋಡುತ್ತ ಹೋದವಳು ತನ್ನದೇ ಗೇಟಿಗೆ ಎಡವಿದಳು.

ಸರಿತಾಳ ಮುಖ ಅರಳಿತ್ತು. ಆದರೂ ಒಪ್ಪಿದ ಕೆಲಸವೆಂದು ಸ್ಟೂಲು ಹತ್ತಿ ಮೊದಲ ಸ್ಕ್ರೂ ಸಡಿಲಿಸಲು ಹೋದಳು. "ಇಳಿಸ್ಲಾ ಅಕ್ಕಾ?"

"ಮುಟ್ಬೇಡ. ನೀನು ಇಳಿ ಕೆಳೀಕೆ," ಎಂದ ನರಸಕ್ಕ ಒಳಗೆ ಓಡಿ ಮೊಮ್ಮಗುವಿನ ಕಾಡಿಗೆ ಡಬ್ಬಿ ಹಿಡಿದುಕೊಂಡು ಬಂದಳು. "ಅವ್ಳ ಕಣ್ಣು ಪೂರ್ತಿ ಇವ್ನ ಮ್ಯಾಲೇ ಬಿತ್ತು ಕಣಮ್ಮಾಯಿ. ಪಾಪದೋನು. ಸ್ಟೂಲು ಗಟ್ಟಿ ಹಿಡ್ಕೊ."

ತನ್ನ ಗಾಜಿನ ಮೇಲೆ ಒಬ್ಬರ ಬೆರಳಚ್ಚು ಬಿದ್ದರೂ ಸರಿತಾ ಸಹಿಸುವವಳಲ್ಲ. ಇವತ್ತು ಎರಡೂ ಕೈಯಲ್ಲಿ ಸ್ಟೂಲು ಹಿಡಿದು ನಿಂತಳು. ನರಸಕ್ಕ ಏದುಸಿರು ಬಿಡುತ್ತ ಮೇಲೆ ಹತ್ತಿ, ರಾಕ್ಷಸನ ಹಸಿರು ಕೆನ್ನೆಗೆ ಒಂದು ಕಪ್ಪು ದೃಷ್ಟಿಬೊಟ್ಟು ಇಟ್ಟು, ಲಟಲಟನೆ ನೆಟಿಗೆ ಮುರಿದಳು.