ರೋಗ ಹಿಡಿಯುವ ಪೆನ್ನು

ಹಳೇ ಕಂಪ್ಯೂಟರುಗಳಿಗೆ ಬಾಯಿ ಬಂದ ಮೇಲೆ ಒಂದೂ ತನ್ನ ಕಾಯಿಲೆ ಒಪ್ಪಿಕೊಳ್ಳುತ್ತಿರಲಿಲ್ಲ. ಒಪ್ಪಿದರೆ ಗುಜರಿಯೇ ಗತಿ. ಅದಕ್ಕೇ ಗದುಗಿನ ರಿಪೇರಿ ಕಸ್ತೂರೆವ್ವ ಖಾಲಿ ಪೆನ್ನಿನೊಳಗೆ ಸೂಜಿ, ಸೆಲ್ಲು, ಪುಟ್ಟ ಬಲ್ಬು ಕೂಡಿಸಿದ್ದಳು. ಕೆಟ್ಟ ಜಾಗಕ್ಕೆ ತಾಗಿಸಿದರೆ ಬಲ್ಬು ಹತ್ತುತ್ತಿತ್ತು.

“ನಾ ಗಟ್ಟಿ ಅದೀನ್ರೀ,” ಎಂದಿತು ಅವಳನ್ನು ಕರೆಸಿದ್ದ ಒಂದು ಕಚೇರಿಯ ನಲವತ್ತು ವರ್ಷದ ಕಂಪ್ಯೂಟರು, ಕೆಮ್ಮು ನುಂಗಿಕೊಂಡು.

ಸೂಜಿ ತಾಗಿತು, ಬಲ್ಬು ಹತ್ತಿತು.

“ನೆನಪಿನ ಚಿಪ್ಪು ಹೋಗೈತ್ರಿ ಸಾಹೇಬ್ರ. ಗುಜರಿಗೆ ಬರೀಲೇನು?”

“ಬರಿಯವಾ,” ಎಂದರು ಮ್ಯಾನೇಜರ್ ದೇಸಾಯರು.

“ಬರೀರಿ,” ಎಂದಿತು ಕಂಪ್ಯೂಟರು. “ಅದಕ್ಕೂ ಮೊದಲ ಆ ಸೂಜಿ ಸಾಹೇಬ್ರ ಹಣಿಗೂ ಒಮ್ಮೆ ಹಚ್ಚಿ ನೋಡ್ರಿ.”

ದೇಸಾಯರು ಕುರ್ಚಿ ಸಮೇತ ಹಿಂದೆ ಸರಿದರು. “ಬ್ಯಾಡ, ಬ್ಯಾಡ! ಇಬ್ರೂ ಗಟ್ಟಿ ಅದಾರ ಅಂತ ಬರಿ!”

ಕಸ್ತೂರೆವ್ವ ಬರೆದುಕೊಟ್ಟಳು. ಮನೆ ಮುಟ್ಟುವಷ್ಟರಲ್ಲಿ ದೇಸಾಯರ ಫೋನು:

“ಕಂಪ್ಯೂಟರ್ ಕೆಟ್ಟೈತಿ. ನೀ ಇನ್ನೂ ಬಂದೇ ಇಲ್ಲಲ್ಲ, ಯಾವಾಗ ಬರ್ತೀಯವಾ?”