ಸುಮ್ಮನಾದರೆ ತಿನಿಸು

ಮಹಡಿಯ ಬಾಡಿಗೆ ಮನೆಯಲ್ಲಿ ನಾಯಿ ಬೊಗಳಿದಾಗಲೆಲ್ಲ, ಕೆಳಗೆ ವಾಸವಾಗಿದ್ದ ಮಾಲೀಕರು ಮೆಟ್ಟಿಲೇರಿ ಬಂದು ಅದಕ್ಕಿಂತ ಜೋರಾಗಿ ಕೂಗಾಡುತ್ತಿದ್ದರು. ಈ ತಿಂಗಳೊಳಗೆ ಗಲಾಟೆ ನಿಲ್ಲದಿದ್ದರೆ ಮನೆ ಖಾಲಿ ಮಾಡಬೇಕೆಂದು ಅವರು ಕಡ್ಡಿ ಮುರಿದಂತೆ ಹೇಳಿದ ಮೇಲೆ, ನಾಯಿಯ ಒಡತಿ ತರಬೇತುದಾರನನ್ನು ಕರೆಸಿದಳು.

“ಬೈಯಬೇಡಿ, ಹೊಡೆಯಬೇಡಿ ಮೇಡಂ,” ಎಂದ ಅವನು. “ಗಲಾಟೆ ಮಾಡುವಾಗ ಕಂಡೂ ಕಾಣದ ಹಾಗೆ ಇದ್ದುಬಿಡಿ. ಬಾಯಿ ಮುಚ್ಚಿದ ತಕ್ಷಣ ಇಷ್ಟದ ತಿನಿಸು ಕೊಟ್ಟು, ‘ಭೇಷ್’ ಅನ್ನಿ.”

“ವಯಸ್ಸಾದ ಮೇಲೂ ಕಲಿಯೋದುಂಟಾ?”

“ಧಾರಾಳವಾಗಿ. ನಿಮಗೆ ತಾಳ್ಮೆ ಬೇಕು, ಅಷ್ಟೆ.”

ತಿಂಗಳ ಕೊನೆಯಲ್ಲಿ ಅವನು ಮತ್ತೆ ಬಂದಾಗ, ನಾಯಿ ಸೂರು ಹಾರಿಹೋಗುವಂತೆ ಬೊಗಳಿತು. ಅವನ ಮುಖ ಸಣ್ಣದಾಯಿತು.

“ನಾನು ಹೇಳಿದ ಹಾಗೆ ಮಾಡಲಿಲ್ಲವಾ, ಮೇಡಂ?”

“ಒಂದು ದಿನವೂ ತಪ್ಪಿಸಿಲ್ಲಪ್ಪ.”

“ಹಾಗಾದ್ರೆ ಮನೆ ಖಾಲಿ ಮಾಡಲೇಬೇಕಾ?”

“ಯಾತಕ್ಕೆ? ಸ್ವಲ್ಪ ಇರಿ,” ಎನ್ನುತ್ತ ಅವಳು ಕೋಡುಬಳೆಯ ಡಬ್ಬಿ ತೆಗೆದಳು.

ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾಯಿತು. ಮಾಲೀಕರು ಒಳಗೆ ಬಂದು, ತುಟಿ ಬಿಚ್ಚದೆ ಕುರ್ಚಿಯಲ್ಲಿ ಕುಳಿತು, ಅಂಗೈ ಚಾಚಿದರು.